ಫಾರ್ಮ್ಯಾಟ್ ಮಾಡಿಸುವ ಮುನ್ನ

2024ರ ಜುಲೈ 19, ಶುಕ್ರವಾರ. ಜೂನ್ ತಿಂಗಳ ಜಿಎಸ್‌ಟಿಆರ್-3ಬಿ ಸಲ್ಲಿಕೆಗೆ ಮರುದಿನವೇ ಕಡೆಯ ದಿನವಾಗಿದ್ದುದರಿಂದ ರಾಜಾಜಿನಗರ, ಕಾಮಾಕ್ಷಿಪಾಳ್ಯ, ವಿಜಯನಗರಗಳ ಕಚೇರಿಗಳಲ್ಲಿ ಲೆಕ್ಕಿಗರಿಗೆ ತಲೆ ಎತ್ತಲು ಬಿಡುವಿಲ್ಲದ ದಿನವದು. ಅಂದು ನಮ್ಮ ಗಡಿಯಾರದ ಪ್ರಕಾರ ಬೆಳಗ್ಗೆ 9 ಗಂಟೆ 39 ನಿಮಿಷಕ್ಕೆ ಅಮೆರಿಕದ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶ ಸಂಸ್ಥೆಯು ತನ್ನ ಗ್ರಾಹಕರ ಕಂಪ್ಯೂಟರುಗಳಿಗೆ ಒಂದು ಚಿಕ್ಕ ಕಡತವನ್ನು ರವಾನಿಸಿತು. ಅದನ್ನು ಪಡೆದ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ತಾವಾಗಿಯೇ ಮತ್ತೆ ಆರಂಭವಾಗಿ ಮತ್ತೆ ನಿಂತವು. ಆ ದಿನದ ಜಾಗತಿಕ ಸ್ಥಗಿತದಲ್ಲಿ ನಮ್ಮ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವೂ ಸಿಲುಕಿತು. ಇಂಡಿಗೋ, ಆಕಾಸ ಮೊದಲಾದ ವಿಮಾನಯಾನ ಸಂಸ್ಥೆಗಳ ಕೌಂಟರುಗಳಲ್ಲಿ ಕೆಲಸ ಕೈಬರಹಕ್ಕೆ ಇಳಿಯಿತು. ದೇಶದ ಹಲವು ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಪೆನ್ನಿನಲ್ಲಿ ಬರೆದು ಕೊಡಲಾಯಿತು. ಇಂಡಿಗೋ ಸಂಸ್ಥೆಯೊಂದೇ 190ಕ್ಕೂ ಹೆಚ್ಚು ವಿಮಾನಗಳನ್ನು ರದ್ದುಪಡಿಸಿತು.

ತಪ್ಪು ಕಡತವನ್ನು ಕಳುಹಿಸಿದವರು 78 ನಿಮಿಷಗಳಲ್ಲಿ ಅದನ್ನು ಹಿಂತೆಗೆದುಕೊಂಡರು. ಅಷ್ಟರೊಳಗೆ, ಮೈಕ್ರೋಸಾಫ್ಟ್ ಅಂದಾಜಿನಂತೆ, 85 ಲಕ್ಷ ಯಂತ್ರಗಳು ಮಲಗಿದ್ದವು. ಜಗತ್ತಿನಲ್ಲಿರುವ ವಿಂಡೋಸ್ ಯಂತ್ರಗಳಲ್ಲಿ ಇದು ಶೇ. 1ಕ್ಕಿಂತಲೂ ಕಡಿಮೆ ಎಂಬುದನ್ನು ಗಮನಿಸಬೇಕು.

ಕ್ರೌಡ್‌ಸ್ಟ್ರೈಕ್ ಮುಖ್ಯವಾಗಿ ದೊಡ್ಡ ಸಂಸ್ಥೆಗಳು ಕೊಳ್ಳುವ ತಂತ್ರಾಂಶ. ಹತ್ತು ಲೇತು, ಎರಡು ಸಿಎನ್‌ಸಿ, ನಾಲ್ಕು ಕಂಪ್ಯೂಟರು ಇಟ್ಟುಕೊಂಡ ಘಟಕದಲ್ಲಿ ಅದು ಇರುವುದು ಅಪರೂಪ. ಆದ್ದರಿಂದ ನಮ್ಮಲ್ಲಿ ಅನೇಕರು ಅಂದು ದೂರದರ್ಶನದಲ್ಲಿ ಸುದ್ದಿ ನೋಡಿ, ಇದು ವಿಮಾನ ಹಾರಿಸುವವರ ತಲೆನೋವು ಎಂದುಕೊಂಡು ಸುಮ್ಮನಾದರು. ಈ ಲೇಖಕನಿಗೆ ಹಾಗನ್ನಿಸಲಿಲ್ಲ. ಅಂದು ದೊಡ್ಡವರಿಗೆ ಆದದ್ದು ಬೇರೆ ಬೇರೆ ಹೆಸರಿನಲ್ಲಿ ಸಣ್ಣವರಿಗೆ ವರ್ಷಕ್ಕೊಂದೆರಡು ಬಾರಿಯಾದರೂ ಆಗುತ್ತಲೇ ಇದೆ. ಅವರಲ್ಲಿ ಪರಿಣತರ ವಿಭಾಗವಿದೆ. ನಮ್ಮಲ್ಲಿ ಫೋನು ಮಾಡಿದರೆ ಸಂಜೆಗೆ ಬರುವ ಒಬ್ಬ ತಂತ್ರಜ್ಞನಿದ್ದಾನೆ. ಅವನ ಬಳಿ ಸಾಮಾನ್ಯವಾಗಿ ಒಂದೇ ಔಷಧವಿರುತ್ತದೆ: "ಫಾರ್ಮ್ಯಾಟ್ ಹೊಡೆದುಬಿಡೋಣ ಸಾರ್."

ಮೇನ್ ಬೋರ್ಡಿನ ಕೀಲಿ

ಕಂಪ್ಯೂಟರಿಗೆ ಜೋಡಿಸಿದ ಪ್ರಿಂಟರು, ತೂಕದ ಯಂತ್ರ, ನೆಟ್‌ವರ್ಕ್ ಕಾರ್ಡು, ಡಿಜಿಟಲ್ ಸಹಿಯ ಟೋಕನ್ನು – ಇವೆಲ್ಲವನ್ನೂ ವಿಂಡೋಸ್‌ನೊಡನೆ ಮಾತನಾಡಿಸಲು ಒಂದೊಂದು ಮಧ್ಯವರ್ತಿ ತಂತ್ರಾಂಶ ಬೇಕು. ಅದಕ್ಕೆ ಡ್ರೈವರ್ ಎಂದು ಹೆಸರು. ಲೆಕ್ಕಪತ್ರದ ತಂತ್ರಾಂಶ ಅಥವಾ ಪತ್ರ ಬರೆಯುವ ತಂತ್ರಾಂಶ ಕೆಟ್ಟರೆ ಅದೊಂದೇ ಮುಚ್ಚಿಕೊಳ್ಳುತ್ತದೆ, ಉಳಿದವು ನಡೆಯುತ್ತವೆ. ಆದರೆ ಬಹುತೇಕ ಡ್ರೈವರುಗಳು ಕೆಲಸ ಮಾಡುವುದು ಕರ್ನಲ್ ಎಂಬ ಒಳಮನೆಯಲ್ಲಿ. ನಮ್ಮ ಶೆಡ್ಡಿಗೆ ಹೋಲಿಸುವುದಾದರೆ, ಸಾಮಾನ್ಯ ತಂತ್ರಾಂಶವು ಗೋಡೆಯ ಸಾಕೆಟ್ಟಿಗೆ ಡ್ರಿಲ್ ಸಿಕ್ಕಿಸಿಕೊಂಡು ಕೆಲಸ ಮಾಡುವ ಹುಡುಗನಂತೆ. ಡ್ರೈವರು ಮೇನ್ ಬೋರ್ಡಿನ ಕೀಲಿ ಪಡೆದ ವೈರ್‌ಮನ್‌ನಂತೆ. ಹುಡುಗನ ಡ್ರಿಲ್ ಸುಟ್ಟರೆ ಅವನ ಕೆಲಸ ನಿಲ್ಲುತ್ತದೆ. ವೈರ್‌ಮನ್ ಕೈತಪ್ಪಿದರೆ ಇಡೀ ಶೆಡ್ಡು ಕತ್ತಲಾಗುತ್ತದೆ.

ವೈರಸ್ ನಿರೋಧಕ ತಂತ್ರಾಂಶಗಳಿಗೂ ಈ ಕೀಲಿಯನ್ನು ಕೊಡಲಾಗಿದೆ. ಬೇರೆಲ್ಲ ತಂತ್ರಾಂಶಗಳಿಗಿಂತ ಮೊದಲೇ ಎಚ್ಚರಗೊಂಡು, ತೆರೆಯುವ ಪ್ರತಿಯೊಂದು ಕಡತವನ್ನೂ ತಡೆದು ಪರೀಕ್ಷಿಸಬೇಕಾದ ಕಾರಣ ಅವೂ ಕರ್ನಲ್‌ನಲ್ಲಿ ಒಂದು ಡ್ರೈವರನ್ನು ಕೂರಿಸುತ್ತವೆ. ನಾವು ರಕ್ಷಣೆಗೆಂದು ಹಾಕಿದ್ದೇ ಯಂತ್ರವನ್ನು ಕೆಡವುವುದಕ್ಕೆ ಕಾರಣವಿದು.

ನೀಲಿ ಪರದೆಯ ಬಗ್ಗೆಯೂ ಒಂದು ತಪ್ಪು ಕಲ್ಪನೆಯಿದೆ. ಅದು ದೋಷವಲ್ಲ, ದೋಷಕ್ಕೆ ಪ್ರತಿಕ್ರಿಯೆ. ಕರ್ನಲ್‌ನಲ್ಲಿ ನೆನಪಿನ ಕೋಶ ಕಲುಷಿತಗೊಂಡಿದೆಯೆಂದು ತಿಳಿದೊಡನೆ, ಮುಂದುವರಿದರೆ ಡಿಸ್ಕಿನ ದತ್ತಾಂಶವೂ ಹಾಳಾದೀತೆಂದು ವಿಂಡೋಸ್ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಶಾರ್ಟ್ ಆದಾಗ ಎಂಸಿಬಿ ಟ್ರಿಪ್ ಆದಂತೆ. ಟ್ರಿಪ್ ಆದ ಎಂಸಿಬಿಯನ್ನು ಮತ್ತೆ ಮತ್ತೆ ಮೇಲಕ್ಕೆ ತಳ್ಳುವವನನ್ನು ನಾವು ಬೈಯುತ್ತೇವೆ; ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ನಾವೇ ಹತ್ತು ಬಾರಿ ಗುಂಡಿ ಒತ್ತುತ್ತೇವೆ. (ವಿಂಡೋಸ್ 11ರ ಇತ್ತೀಚಿನ ಆವೃತ್ತಿಯಲ್ಲಿ ಈ ಪರದೆಯ ಬಣ್ಣವನ್ನು 2025ರಲ್ಲಿ ಕಪ್ಪಿಗೆ ಬದಲಾಯಿಸಲಾಗಿದೆ. ಬಣ್ಣ ಬದಲಾದರೂ ಅರ್ಥ ಅದೇ.)

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ವರದಿಯಾಗುತ್ತಿದ್ದ ಸ್ಥಗಿತಗಳಲ್ಲಿ ಶೇ. 85ರಷ್ಟಕ್ಕೆ ಡ್ರೈವರುಗಳೇ ಕಾರಣವೆಂದು ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2003ರ ಪ್ರಬಂಧವೊಂದರಲ್ಲಿ ಉಲ್ಲೇಖಿಸಿದ್ದರು. ಅಂದಿನಿಂದ ಸ್ಥಿತಿ ಸಾಕಷ್ಟು ಸುಧಾರಿಸಿದೆ. ಆದರೂ ನೀಲಿ ಪರದೆ ಕಂಡೊಡನೆ ಮೊದಲು ಅನುಮಾನಿಸಬೇಕಾದ್ದು ಯಾರನ್ನು ಎಂಬುದಕ್ಕೆ ಆ ಅಂಕಿ ಇಂದಿಗೂ ದಾರಿ ತೋರಿಸುತ್ತದೆ.

ಇಪ್ಪತ್ತು ಕಾಲಂ, ಇಪ್ಪತ್ತೊಂದನೆಯ ಓದು

ಕ್ರೌಡ್‌ಸ್ಟ್ರೈಕ್ ಪ್ರಕರಣದ ಮೂಲ ಕಾರಣ ಲೆಕ್ಕ ಬರೆಯುವ ನಮಗೆ ಸುಲಭವಾಗಿ ಅರ್ಥವಾಗುವಂಥದು. ಕರ್ನಲ್‌ನಲ್ಲಿದ್ದ ಅವರ ತಂತ್ರಾಂಶಕ್ಕೆ ಒದಗುತ್ತಿದ್ದುದು 20 ಮೌಲ್ಯಗಳು. ಹೊಸದಾಗಿ ಬಂದ 291ನೇ ಸಂಖ್ಯೆಯ ಕಡತವು 21ನೆಯದನ್ನೂ ಓದಿ ಹೋಲಿಸುವಂತೆ ಸೂಚಿಸಿತು. ಇಪ್ಪತ್ತು ಕಾಲಂಗಳ ಲೆಡ್ಜರಿನಲ್ಲಿ ಇಪ್ಪತ್ತೊಂದನೆಯ ಕಾಲಂ ಓದಲು ಹೊರಟ ಗುಮಾಸ್ತ ಪಕ್ಕದ ಬೇರೊಬ್ಬರ ಪುಸ್ತಕಕ್ಕೆ ಕಣ್ಣು ಹಾಯಿಸಿದಂತಾಯಿತು. ಕರ್ನಲ್‌ನಲ್ಲಿ ಅದಕ್ಕೆ ಕ್ಷಮೆಯಿಲ್ಲ, ಯಂತ್ರ ನಿಂತಿತು.

ಸರಿಪಡಿಸಿದ ಕಡತ 78 ನಿಮಿಷಗಳಲ್ಲಿ ಸಿದ್ಧವಾದರೂ ನಿಂತ ಯಂತ್ರಗಳಿಗೆ ಅದನ್ನು ತಲುಪಿಸುವುದೇ ಕಷ್ಟವಾಯಿತು. ಆರಂಭವೇ ಆಗದ ಯಂತ್ರ ಅಂತರಜಾಲವನ್ನು ಮುಟ್ಟುವುದಾದರೂ ಹೇಗೆ? ಬಹುತೇಕ ಕಡೆ ಮನುಷ್ಯರೇ ಒಂದೊಂದು ಯಂತ್ರದ ಮುಂದೆ ಕುಳಿತು, ಸೇಫ್ ಮೋಡ್‌ನಲ್ಲಿ ಅದನ್ನು ಎಬ್ಬಿಸಿ, ಡ್ರೈವರುಗಳ ಕಡತಕೋಶದೊಳಗಿನ ಆ ಒಂದು ಕಡತವನ್ನು ಅಳಿಸಬೇಕಾಯಿತು. ಫಾರ್ಮ್ಯಾಟ್ ಬೇಕಾಗಲಿಲ್ಲ. ಜಗತ್ತನ್ನೇ ನಿಲ್ಲಿಸಿದ ದೋಷಕ್ಕೆ ಪರಿಹಾರವಾದುದು ಒಂದು ಕಡತದ ಅಳಿಸುವಿಕೆ.

ಇದು ಮೊದಲ ಸಲವೂ ಅಲ್ಲ. 2010ರ ಏಪ್ರಿಲ್ 21ರಂದು ಮ್ಯಾಕಫಿ ಸಂಸ್ಥೆಯ 5958ನೇ ವೈರಸ್ ಪಟ್ಟಿಯು ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3ರ ಎಸ್‌ವಿಸಿಹೋಸ್ಟ್ ಎಂಬ ಮೂಲ ಕಡತವನ್ನೇ ವೈರಸ್ ಎಂದು ಬಗೆದು ಕಿತ್ತಿಟ್ಟಿತು. ಯಂತ್ರಗಳು ನೆಟ್‌ವರ್ಕ್ ಕಳೆದುಕೊಂಡು ಮತ್ತೆ ಮತ್ತೆ ಆರಂಭವಾಗತೊಡಗಿದವು. ಆಗ ಆ ಸಂಸ್ಥೆಯ ಮುಖ್ಯ ತಂತ್ರಜ್ಞಾನ ಅಧಿಕಾರಿಯಾಗಿದ್ದ ಜಾರ್ಜ್ ಕರ್ಟ್ಜ್ ಅವರೇ 2024ರಲ್ಲಿ ಕ್ರೌಡ್‌ಸ್ಟ್ರೈಕ್‌ನ ಮುಖ್ಯಸ್ಥರಾಗಿದ್ದುದು ಕಾಕತಾಳೀಯ. 2007ರಲ್ಲಿ ಸಿಮ್ಯಾಂಟೆಕ್, 2008ರಲ್ಲಿ ಎವಿಜಿ ಇದೇ ಬಗೆಯ ತಪ್ಪು ಮಾಡಿದ್ದವು. ಯಾವುದೇ ಒಂದು ಬ್ರಾಂಡನ್ನು ಬೈದು ಇನ್ನೊಂದಕ್ಕೆ ಹೋದರೆ ಪಾರಾದೆವೆಂದು ತಿಳಿಯುವಂತಿಲ್ಲ.

ನಮ್ಮ ವರ್ತಕರಿಗೆ ಹೆಚ್ಚು ಹತ್ತಿರದ ಘಟನೆ 2021ರ ಮಾರ್ಚ್ ತಿಂಗಳದು. ಆ ತಿಂಗಳ 9ರಂದು ಬಂದ ವಿಂಡೋಸ್ ನವೀಕರಣದ ನಂತರ ಕಂಪ್ಯೂಟರು ಚೆನ್ನಾಗಿಯೇ ಇದ್ದು, ಪ್ರಿಂಟ್ ಎಂದು ಒತ್ತಿದ ಕ್ಷಣವೇ ನೀಲಿ ಪರದೆ ತೋರಿಸಿ ಬೀಳತೊಡಗಿತು. ಕ್ಯೋಸೆರಾ, ರಿಕೋ ಪ್ರಿಂಟರುಗಳ ಜೊತೆಗೆ ಬಾರ್‌ಕೋಡ್ ಲೇಬಲ್ ಮುದ್ರಿಸುವ ಝೀಬ್ರಾ ಯಂತ್ರಗಳ ಬಳಕೆದಾರರಿಗೂ ಈ ತೊಂದರೆ ಬಾಧಿಸಿತು. ಮೈಕ್ರೋಸಾಫ್ಟ್ 15ರಂದು ವಿಶೇಷ ಪರಿಹಾರ ಬಿಡುಗಡೆ ಮಾಡಿತು. ನಡುವಿನ ಆರು ದಿನ, ಅದೂ ಆರ್ಥಿಕ ವರ್ಷ ಮುಗಿಯುವ ಮಾರ್ಚ್‌ನಲ್ಲಿ, ಇನ್‌ವಾಯ್ಸ್ ಮುದ್ರಿಸಲಾಗದೆ ಕುಳಿತುಕೊಳ್ಳುವುದು ಏನೆಂಬುದು ಓದುಗರಿಗೆ ಹೇಳಬೇಕಾಗಿಲ್ಲ. ಆ ನವೀಕರಣವೊಂದನ್ನು ತೆಗೆದುಹಾಕಿದರೆ ಯಂತ್ರ ಸರಿಯಾಗುತ್ತಿತ್ತು. ಪ್ರಿಂಟರೇ ಕೆಟ್ಟಿದೆಯೆಂದು ತಿಳಿದವರು ರಿಪೇರಿಗೆ ಕಳುಹಿಸಿ ಹಣ ತೆತ್ತಿರಬಹುದು.

ನವೀಕರಣವನ್ನೇ ಯಾವಾಗಲೂ ದೂರುವುದೂ ಸರಿಯಲ್ಲ. 2010ರ ಫೆಬ್ರವರಿಯಲ್ಲಿ ವಿಂಡೋಸ್ ನವೀಕರಣವೊಂದರ ನಂತರ ಅನೇಕ ಯಂತ್ರಗಳು ಬಿದ್ದವು. ತನಿಖೆ ಮಾಡಿದಾಗ, ಅವುಗಳಲ್ಲಿ ಅಲ್ಯೂರಿಯಾನ್ ಎಂಬ ಗುಪ್ತ ವೈರಸ್ ಮೊದಲೇ ಕರ್ನಲ್ ಸೇರಿಕೊಂಡಿತ್ತೆಂದೂ, ನವೀಕರಣ ಬಂದಾಗ ಅದರ ಲೆಕ್ಕ ತಪ್ಪಿತೆಂದೂ ತಿಳಿಯಿತು. ಹೊಸ ಗುಮಾಸ್ತ ಬಂದ ದಿನ ಹಳೆಯ ಗುಮಾಸ್ತನ ಕಳ್ಳಲೆಕ್ಕ ಬಯಲಾದಂತೆ!

ಹನ್ನೊಂದು ದಿನದ ಲೆಕ್ಕ

ಈ ಲೇಖಕನ ಘಟಕದಲ್ಲಿ ನಡೆದದ್ದನ್ನು ಹೇಳಿದರೆ ಮುಂದಿನ ಮಾತು ಸುಲಭವಾದೀತು. ಮಾಲು ರವಾನೆಯ ಮೇಜಿನ ಕಂಪ್ಯೂಟರು ಒಂದು ದಿನ ಮಧ್ಯಾಹ್ನ ನೀಲಿ ಪರದೆ ತೋರಿಸಿತು. ಮೂರು ದಿನ ಹೀಗೆಯೇ ಆಯಿತು. ತಂತ್ರಜ್ಞ ಬಂದರು, ಒಳ್ಳೆಯ ಹುಡುಗ, ಕೆಲಸಗಳ್ಳನಲ್ಲ. ಫಾರ್ಮ್ಯಾಟ್ ಮಾಡಿದರು. ನಾಲ್ಕನೆಯ ದಿನ ಮತ್ತೆ ಬಿತ್ತು. ರ‍್ಯಾಮ್ ಬದಲಾಯಿಸಿ ಮತ್ತೆ ಫಾರ್ಮ್ಯಾಟ್ ಮಾಡಿದರು. ಈ ಎರಡನೆಯ ಸಲ ಬ್ಯಾಕಪ್ ಹಳೆಯದಾಗಿದ್ದು, ಹನ್ನೊಂದು ದಿನದ ವೋಚರುಗಳನ್ನು ಕಾಗದ ನೋಡಿ ಮರಳಿ ನಮೂದಿಸಬೇಕಾಯಿತು. ಮೂರನೆಯ ಸಲ ಬಿದ್ದಾಗ ರವಾನೆ ನೋಡಿಕೊಳ್ಳುವ ಹೆಣ್ಣುಮಗಳು ಒಂದು ಮಾತು ಹೇಳಿದಳು: "ಸಾರ್, ತೂಕದ ಯಂತ್ರದ ವೈರು ಚುಚ್ಚಿದಾಗ ಮಾತ್ರ ಹೀಗಾಗುತ್ತೆ."

ಅಷ್ಟೇ. ಹಳೆಯ ಸೀರಿಯಲ್ ಪೋರ್ಟಿನ ತೂಕದ ಯಂತ್ರವನ್ನು ಯುಎಸ್‌ಬಿಗೆ ಜೋಡಿಸಲು ತಂದಿದ್ದ ಅಗ್ಗದ ಪರಿವರ್ತಕ ಕೇಬಲ್ಲು, ಅದಕ್ಕೆ ಎಲ್ಲಿಂದಲೋ ಇಳಿಸಿಕೊಂಡು ಹಾಕಿದ್ದ ಡ್ರೈವರು. ಪ್ರತಿ ಸಲ ಫಾರ್ಮ್ಯಾಟ್ ಆದ ಮೇಲೂ ಅದೇ ಡ್ರೈವರನ್ನೇ ನಾವೇ ಕೈಯಾರೆ ಮರಳಿ ಹಾಕುತ್ತಿದ್ದೆವು. ಒಳ್ಳೆಯ ಕೇಬಲ್ಲೊಂದನ್ನು ತಂದು, ಅದರ ತಯಾರಕರ ಡ್ರೈವರನ್ನೇ ಹಾಕಿದ ಮೇಲೆ ತೊಂದರೆ ನಿಂತಿತು. ಮೂರು ದಿನದಿಂದ ಆ ಹೆಣ್ಣುಮಗಳನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಈ ಪರಿವರ್ತಕ ಕೇಬಲ್ಲುಗಳ ಬಗ್ಗೆ ಇನ್ನೊಂದು ಮಾತು. ಇವುಗಳೊಳಗಿನ ಚಿಪ್ಪುಗಳಿಗೆ ನಕಲಿಗಳು ಹೇರಳ. 2014ರ ಅಕ್ಟೋಬರ್‌ನಲ್ಲಿ ಎಫ್‌ಟಿಡಿಐ ಎಂಬ ಚಿಪ್ ತಯಾರಕ ಸಂಸ್ಥೆಯ ಹೊಸ ಡ್ರೈವರು ವಿಂಡೋಸ್ ನವೀಕರಣದ ಮೂಲಕ ಬಂದು, ನಕಲಿ ಚಿಪ್ಪುಗಳ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿಬಿಟ್ಟಿತು. ಕೇಬಲ್ಲು ಯಾವ ಕಂಪ್ಯೂಟರಿಗೆ ಹಾಕಿದರೂ ಕೆಲಸ ಮಾಡದಂತಾಯಿತು. ಗದ್ದಲವಾದ ಮೇಲೆ ಅದನ್ನು ಹಿಂತೆಗೆಯಲಾಯಿತು. ಪ್ರೊಲಿಫಿಕ್ ಚಿಪ್ಪಿನ ಹೊಸ ಡ್ರೈವರುಗಳೂ ನಕಲಿ ಕಂಡರೆ 'ಕೋಡ್ 10' ಎಂದು ತೋರಿಸಿ ಮುಷ್ಕರ ಹೂಡುತ್ತವೆ. ತಾನು ಕೊಂಡದ್ದು ನಕಲಿಯೆಂದು ವರ್ತಕನಿಗೆ ಗೊತ್ತೇ ಇರುವುದಿಲ್ಲ. ಎಸ್.ಪಿ. ರಸ್ತೆಯಲ್ಲಾಗಲಿ ಬೇರೆಲ್ಲೇ ಆಗಲಿ, ನೂರೈವತ್ತು ರೂಪಾಯಿ ಉಳಿಸಲು ಹೆಸರಿಲ್ಲದ ಕೇಬಲ್ಲು ಕೊಂಡು ಅದನ್ನು ಸಿಎನ್‌ಸಿ ಯಂತ್ರಕ್ಕೆ ಸಿಕ್ಕಿಸುವುದು ಜಾಣತನವೆಂದು ಹೇಳಲಾಗದು.

ಮೊದಲು ಕೇಳಬೇಕಾದ್ದು

ಯಂತ್ರ ಬಿದ್ದಾಗ ಮೊದಲ ಕೆಲಸ ಪರದೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಡುವುದು. ಅದರಲ್ಲಿ ಸ್ಟಾಪ್ ಕೋಡ್ ಎಂಬ ಸಾಲಿರುತ್ತದೆ. ಕೆಲವೊಮ್ಮೆ ಅದರ ಕೆಳಗೆ 'ಸಿಸ್' ಎಂದು ಮುಗಿಯುವ ಒಂದು ಕಡತದ ಹೆಸರೂ ಇರುತ್ತದೆ. ಆ ಹೆಸರು ಯಾರ ಡ್ರೈವರಿನದೆಂದು ಹುಡುಕಿದರೆ ಅರ್ಧ ಕೆಲಸ ಮುಗಿದಂತೆ. ಡ್ರೈವರ್ ಐಆರ್‌ಕ್ಯೂಎಲ್ ಎಂದು ಆರಂಭವಾಗುವ ಕೋಡು ಬಹುಮಟ್ಟಿಗೆ ಡ್ರೈವರಿನತ್ತ ಬೆರಳು ತೋರಿಸುತ್ತದೆ. 'ವಿಯಾ' ಎಂದು ಓದುವ ಡಬ್ಲ್ಯೂಎಚ್‌ಇಎ ಕೋಡು ಸಾಮಾನ್ಯವಾಗಿ ಯಂತ್ರಾಂಶದ ದೋಷ: ಕಾವು, ವಿದ್ಯುತ್ ಪೂರೈಕೆ, ಪ್ರೊಸೆಸರ್. ಗ್ರೈಂಡಿಂಗ್ ಮೇಜಿನ ಪಕ್ಕದಲ್ಲೇ ಸಿಪಿಯು ಇಟ್ಟು ಲೋಹದ ಪುಡಿಯನ್ನು ಅದರ ಫ್ಯಾನಿಗೆ ತಿನ್ನಿಸುವ ಘಟಕಗಳಲ್ಲಿ ಈ ಎರಡನೆಯದನ್ನು ಮರೆಯಬಾರದು.

ಎರಡನೆಯ ಕೆಲಸ, ಒಂದು ಯಂತ್ರವೋ ಎಲ್ಲ ಯಂತ್ರಗಳೋ ಎಂದು ನೋಡುವುದು. ಒಂದೇ ಬೆಳಗ್ಗೆ ಎರಡು ಮೂರು ಕಂಪ್ಯೂಟರುಗಳು ಒಂದೇ ರೀತಿ ಬಿದ್ದರೆ ಅದು ರ‍್ಯಾಮ್ ದೋಷವಾಗಿರಲು ಸಾಧ್ಯವಿಲ್ಲ. ಎಲ್ಲಕ್ಕೂ ಸಾಮಾನ್ಯವಾದ ನವೀಕರಣ ಅಥವಾ ವೈರಸ್ ನಿರೋಧಕವನ್ನು ಹಿಡಿಯಬೇಕು. ಆಗ ಉಳಿದ ಯಂತ್ರಗಳನ್ನು ಆನ್ ಮಾಡದೆ, ಅಥವಾ ನೆಟ್‌ವರ್ಕ್ ವೈರು ಕಿತ್ತು, ಕಾಯುವುದೇ ಲೇಸು.

ಮೂರನೆಯದು, ಅದರ ಮುಂದೆ ಕುಳಿತು ಕೆಲಸ ಮಾಡುವವರನ್ನು ಕೇಳುವುದು. ಯಾವಾಗ ಬಿತ್ತು? ಪ್ರಿಂಟ್ ಕೊಟ್ಟಾಗಲೋ, ಟೋಕನ್ ಚುಚ್ಚಿದಾಗಲೋ, ಆನ್ ಆಗುವಾಗಲೇಯೋ? ನಿನ್ನೆ ಏನು ಹೊಸದಾಗಿ ಹಾಕಲಾಯಿತು? ನೆನಪಿಲ್ಲವೆಂದರೆ ಕಂಪ್ಯೂಟರಿಗೆ ನೆನಪಿದೆ: ಸ್ಟಾರ್ಟ್ ಪಟ್ಟಿಯಲ್ಲಿ ರಿಲಯಬಿಲಿಟಿ ಎಂದು ಹುಡುಕಿದರೆ ದಿನವಾರು ಪಟ್ಟಿಯೊಂದು ತೆರೆಯುತ್ತದೆ. ಯಾವ ದಿನ ಯಾವ ತಂತ್ರಾಂಶ ಬಂತು, ಯಾವ ದಿನ ಯಂತ್ರ ಬಿತ್ತು ಎಂಬುದು ದಿನಚರಿಯಂತೆ ಅಲ್ಲಿ ಕಾಣುತ್ತದೆ. ಇದಕ್ಕೆ ಯಾವ ಪರಿಣತಿಯೂ ಬೇಡ. ಬ್ಯಾಂಕ್ ಪಾಸ್‌ಬುಕ್ ಓದಬಲ್ಲವರೆಲ್ಲರೂ ಇದನ್ನು ಓದಬಲ್ಲರು. ವಿಂಡೋಸ್ ಕಡತಕೋಶದೊಳಗೆ ಮಿನಿಡಂಪ್ ಎಂಬಲ್ಲಿ ಪ್ರತಿ ಕುಸಿತದ ಚಿಕ್ಕ ವರದಿಯೂ ಸಾಮಾನ್ಯವಾಗಿ ಉಳಿದಿರುತ್ತದೆ. ಅದನ್ನು ಬಿಡಿಸಿ ಓದುವುದು ತಂತ್ರಜ್ಞರ ಕೆಲಸ. ಫಾರ್ಮ್ಯಾಟ್ ಮಾಡಿದರೆ ಇವೆರಡೂ ಅಳಿಸಿಹೋಗುತ್ತವೆ. ಕಳ್ಳತನವಾದ ಮನೆಯನ್ನು ಪೊಲೀಸರು ಬರುವ ಮುನ್ನ ಗುಡಿಸಿ ಸಾರಿಸಿದಂತೆ.

ಯಂತ್ರ ಆನ್ ಆಗುತ್ತಲೇ ಬೀಳುವುದಾದರೆ ಸೇಫ್ ಮೋಡ್‌ಗೆ ಹೋಗಬೇಕು. ವಿಂಡೋಸ್ 10 ಮತ್ತು 11ರಲ್ಲಿ ಆರಂಭ ಎರಡು ಮೂರು ಬಾರಿ ವಿಫಲವಾದರೆ ಪುನಶ್ಚೇತನದ ಪುಟ ತಾನಾಗಿಯೇ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಎಂದು ಸಾಗಿ ರೀಸ್ಟಾರ್ಟ್ ಒತ್ತಿದ ಮೇಲೆ 4ನ್ನು ಒತ್ತಬೇಕು. ಸೇಫ್ ಮೋಡ್‌ನಲ್ಲಿ ಅತ್ಯಗತ್ಯ ಡ್ರೈವರುಗಳಷ್ಟೇ ಏಳುತ್ತವೆ. ಅಲ್ಲಿ ಯಂತ್ರ ಗಂಟೆಗಟ್ಟಲೆ ಬೀಳದೆ ನಿಂತರೆ ತಪ್ಪು ಹೊರಗಿನಿಂದ ಬಂದ ಡ್ರೈವರಿನದೇ ಎಂದು ಹೆಚ್ಚುಕಡಿಮೆ ನಿಶ್ಚಯಿಸಬಹುದು. ಆಮೇಲೆ ಡಿವೈಸ್ ಮ್ಯಾನೇಜರಿನಲ್ಲಿ ಆ ಸಾಧನದ ಡ್ರೈವರನ್ನು 'ರೋಲ್ ಬ್ಯಾಕ್' ಮಾಡಿ ಹಿಂದಿನದಕ್ಕೆ ಮರಳಬಹುದು. ನವೀಕರಣದ ಮೇಲೆ ಅನುಮಾನವಿದ್ದರೆ ಅದನ್ನು ಪುನಶ್ಚೇತನದ ಪುಟದಿಂದಲೇ ತೆಗೆಯಬಹುದು. ಸಿಸ್ಟಂ ರಿಸ್ಟೋರ್ ಎಂಬ ಸೌಲಭ್ಯವೂ ಇದೆ, ಆದರೆ ಅನೇಕ ಯಂತ್ರಗಳಲ್ಲಿ ಅದು ಮುಚ್ಚಿಯೇ ಇರುತ್ತದೆ. ಇಂದೇ ತೆರೆದಿಡುವುದು ಒಳಿತು.

ವೈರಸ್ ನಿರೋಧಕದ ವಿಷಯದಲ್ಲಿ ನಮ್ಮ ಕಡೆ ಹೆಚ್ಚಾಗಿ ಕಾಣುವ ತಪ್ಪು, ಎರಡನ್ನು ಒಟ್ಟಿಗೆ ಇಟ್ಟುಕೊಳ್ಳುವುದು. ಲ್ಯಾಪ್‌ಟಾಪಿನ ಜೊತೆ ಪ್ರಾಯೋಗಿಕ ಅವಧಿಗೆಂದು ಬಂದದ್ದೊಂದು, ತಂತ್ರಜ್ಞರು ಹಾಕಿಕೊಟ್ಟದ್ದಿನ್ನೊಂದು. ಒಂದೇ ಬಾಗಿಲಿಗೆ ಇಬ್ಬರು ಕಾವಲುಗಾರರನ್ನು ನಿಲ್ಲಿಸಿದರೆ ಅವರಿಬ್ಬರೇ ಬಡಿದಾಡಿಕೊಳ್ಳುತ್ತಾರೆ. ಅವಧಿ ಮುಗಿದದ್ದನ್ನು ತೆಗೆಯುವಾಗಲೂ ಆಯಾ ತಯಾರಕರು ಕೊಡುವ ತೆಗೆಯುವ ಸಾಧನವನ್ನೇ ಬಳಸಬೇಕು. ಇಲ್ಲವಾದರೆ ತಂತ್ರಾಂಶ ಹೋದರೂ ಡ್ರೈವರು ಉಳಿದುಬಿಡುತ್ತದೆ. 2018ರ ಜನವರಿಯಲ್ಲಿ ಪ್ರೊಸೆಸರ್ ದೋಷಕ್ಕೆ ಮೈಕ್ರೋಸಾಫ್ಟ್ ತುರ್ತು ನವೀಕರಣ ತಂದಾಗ, ಕೆಲವು ವೈರಸ್ ನಿರೋಧಕಗಳು ಕರ್ನಲ್‌ನಲ್ಲಿ ಅಡ್ಡದಾರಿ ಹಿಡಿದಿದ್ದುದರಿಂದ ಯಂತ್ರಗಳು ಬೀಳುವ ಅಪಾಯ ಕಂಡುಬಂತು. ತಮ್ಮ ತಂತ್ರಾಂಶ ಸರಿಯಿದೆಯೆಂದು ತಯಾರಕರು ಗುರುತು ಹಾಕದ ಹೊರತು ಆ ಯಂತ್ರಗಳಿಗೆ ನವೀಕರಣವನ್ನೇ ತಡೆಹಿಡಿಯಲಾಯಿತು. ನವೀಕರಿಸದ ಹಳೆಯ ನಿರೋಧಕವನ್ನು ಇಟ್ಟುಕೊಂಡವರು ಹೀಗೆ ಎರಡೂ ಕಡೆಯಿಂದ ಹೊರಗುಳಿದರು.

ಹಾಗೆಂದು ನಿರೋಧಕವನ್ನೇ ತೆಗೆದುಹಾಕುವುದು ಮೂರ್ಖತನ. ಕ್ರ್ಯಾಕ್ ಮಾಡಿದ ತಂತ್ರಾಂಶ ಓಡಲೆಂದು ಅದನ್ನು ಆಫ್ ಮಾಡಿಟ್ಟ ಕಚೇರಿಗಳನ್ನು ನಾವೆಲ್ಲರೂ ನೋಡಿದ್ದೇವೆ. ಅಲ್ಲಿ ಮುಂದೊಮ್ಮೆ ಬೀಳುವುದು ಕಂಪ್ಯೂಟರಲ್ಲ, ವ್ಯಾಪಾರ.

ಕೀಲಿ ಯಾರ ಬಳಿ ಇದೆ?

2024ರಲ್ಲಿ ಅನೇಕ ಸಂಸ್ಥೆಗಳು ಸಿಕ್ಕಿಬಿದ್ದದ್ದು ಇನ್ನೊಂದೆಡೆ. ಡಿಸ್ಕನ್ನು ಬಿಟ್‌ಲಾಕರ್ ಎಂಬ ಗೂಢಲಿಪಿ ವ್ಯವಸ್ಥೆಯಿಂದ ಬೀಗ ಹಾಕಿದ್ದ ಯಂತ್ರಗಳು, ದುರಸ್ತಿಗೆ ಹೊರಟವರಿಗೆ 48 ಅಂಕಿಗಳ ಕೀಲಿ ಕೇಳಿದವು. ಕೀಲಿಗಳ ಪಟ್ಟಿಯಿದ್ದ ಸರ್ವರು ತಾನೇ ಬಿದ್ದಿದ್ದ ಕಡೆಗಳಲ್ಲಿ ಕಷ್ಟ ಇಮ್ಮಡಿಯಾಯಿತು.

ಇದು ಈಗ ನಮ್ಮ ಮನೆ ಬಾಗಿಲಿಗೂ ಬಂದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದ್ದರಿಂದ ವಿಂಡೋಸ್ 11ರ ಹೊಸ ಯಂತ್ರಗಳನ್ನು ಕೊಳ್ಳುವವರು ಹೆಚ್ಚಿದ್ದಾರೆ. 24ಎಚ್2 ಆವೃತ್ತಿಯಿಂದ ಈಚೆಗೆ, ಹೊಸದಾಗಿ ಸಿದ್ಧಪಡಿಸಿ ಮೈಕ್ರೋಸಾಫ್ಟ್ ಖಾತೆಯಿಂದ ತೆರೆದ ಯಂತ್ರಗಳಲ್ಲಿ ಡಿಸ್ಕಿನ ಬೀಗ ಸಾಮಾನ್ಯವಾಗಿ ತಾನಾಗಿಯೇ ಬೀಳುತ್ತದೆ. ಕೀಲಿಯು ಆ ಖಾತೆಯಲ್ಲಿ ಶೇಖರವಾಗುತ್ತದೆ. ಯಾರ ಖಾತೆ? ಮಾಲೀಕರದೋ, ಕೆಲಸ ಬಿಟ್ಟು ಹೋದ ಲೆಕ್ಕಿಗರದೋ, ಕಂಪ್ಯೂಟರು ಸಿದ್ಧಪಡಿಸಿಕೊಟ್ಟ ಅಂಗಡಿಯ ಹುಡುಗನದೋ? ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದ ಘಟಕದಲ್ಲಿ ಒಂದು ಚಿಕ್ಕ ಡ್ರೈವರ್ ದೋಷವೂ ಎಲ್ಲ ಲೆಕ್ಕಪತ್ರಗಳನ್ನು ಶಾಶ್ವತವಾಗಿ ಮುಚ್ಚಿಹಾಕಬಲ್ಲದು. ಬೀಗ ಒಳ್ಳೆಯದೇ, ಲ್ಯಾಪ್‌ಟಾಪು ಕಳುವಾದರೆ ಅದೇ ಕಾಪಾಡುತ್ತದೆ. ಆದರೆ 48 ಅಂಕಿಗಳನ್ನು ಕಾಗದದ ಮೇಲೆ ಮುದ್ರಿಸಿ, ಮೇಲೆ ಯಂತ್ರದ ಹೆಸರು ಬರೆದು, ಚೆಕ್‌ಪುಸ್ತಕ ಇಡುವ ಕಪಾಟಿನಲ್ಲೇ ಇಡಬೇಕು. ಕಂಪ್ಯೂಟರಿನೊಳಗೆ ಇಟ್ಟರೆ ಪ್ರಯೋಜನವಿಲ್ಲವೆಂದು ಹೇಳಬೇಕೇ?

ಹೊಸ ವಿಂಡೋಸ್‌ಗೆ ಹೋಗುವಾಗ ಹಳೆಯ ಪ್ರಿಂಟರು, ಹಳೆಯ ಟೋಕನ್ನು, ಹಳೆಯ ಅಳತೆಯ ಉಪಕರಣಗಳ ಡ್ರೈವರುಗಳು ಹೊಂದುತ್ತವೆಯೇ ಎಂದು ಮೊದಲೇ ವಿಚಾರಿಸಬೇಕು. ಮೆಮೊರಿ ಇಂಟೆಗ್ರಿಟಿ ಎಂಬ ರಕ್ಷಣೆಯು ಹೊಂದದ ಡ್ರೈವರುಗಳನ್ನು ತಡೆದು ಪಟ್ಟಿ ಮಾಡಿ ತೋರಿಸುತ್ತದೆ. ಎಕ್ಸ್‌ಪಿಯಲ್ಲಿ ಓಡುವ ಹಳೆಯ ಯಂತ್ರನಿಯಂತ್ರಕ ಕಂಪ್ಯೂಟರು ಇದ್ದವರು ಅದನ್ನು ಅಂತರಜಾಲಕ್ಕೆ ಜೋಡಿಸದೆ, ಅದರ ಡಿಸ್ಕಿನ ಪೂರ್ತಿ ಪ್ರತಿಯೊಂದನ್ನು ಬೇರೆ ಡಿಸ್ಕಿಗೆ ಮಾಡಿಸಿ ಬೀರುವಿನಲ್ಲಿಡಬೇಕು. ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರ ಏಪ್ರಿಲ್ 8ರಂದು. ಆ ಯಂತ್ರದ ಡ್ರೈವರು ಇನ್ನು ಸಿಗುವುದು ನಿಮ್ಮ ಬೀರುವಿನಲ್ಲಿ ಮಾತ್ರ.

ಬಿದ್ದ ದಿನ ವ್ಯಾಪಾರ ನಡೆಸುವುದು

ಕಂಪ್ಯೂಟರು ಬಿದ್ದಿದೆಯೆಂದು ಜಿಎಸ್‌ಟಿಯ ಗಡುವು ನಿಲ್ಲುವುದಿಲ್ಲ. 3ಬಿ ತಡವಾದರೆ ದಿನಕ್ಕೆ 50 ರೂಪಾಯಿ, ಶೂನ್ಯ ವಿವರವಾದರೆ 20 ರೂಪಾಯಿ ವಿಳಂಬ ಶುಲ್ಕವಿದೆ. ಕಟ್ಟದ ತೆರಿಗೆಗೆ ವಾರ್ಷಿಕ ಶೇ. 18ರ ಬಡ್ಡಿಯೂ ಸೇರುತ್ತದೆ. ಏಕವ್ಯಕ್ತಿ ಮತ್ತು ಪಾಲುದಾರಿಕೆ ಸಂಸ್ಥೆಗಳು ಯಾವುದೇ ಬೇರೆ ಕಂಪ್ಯೂಟರಿನಿಂದ ಮೊಬೈಲ್ ಒಟಿಪಿ ಮೂಲಕ ಸಲ್ಲಿಸಬಹುದು. ಕಂಪನಿ ಮತ್ತು ಎಲ್‌ಎಲ್‌ಪಿಗಳಿಗೆ ಡಿಜಿಟಲ್ ಸಹಿ ಬೇಕು, ಅಂದರೆ ಟೋಕನ್ನಿನ ಡ್ರೈವರು ಸರಿಯಿರುವ ಇನ್ನೊಂದು ಯಂತ್ರ ಬೇಕು. ಎರಡನೆಯ ಯಂತ್ರದಲ್ಲಿ ಅದನ್ನು 20ನೇ ತಾರೀಖಿನ ಸಂಜೆ ಹಾಕಲು ಹೊರಡುವುದಕ್ಕಿಂತ ಇಂದೇ ಹಾಕಿ ಒಮ್ಮೆ ಪರೀಕ್ಷಿಸಿಡುವುದು ಸುಲಭ. 50,000 ರೂಪಾಯಿ ಮೀರಿದ ಮಾಲಿಗೆ ಬೇಕಾದ ಇ-ವೇ ಬಿಲ್ಲನ್ನು ಎಸ್‌ಎಂಎಸ್ ಮೂಲಕ ಪಡೆಯುವ ಸೌಲಭ್ಯವೂ ಇದೆ. ಅದಕ್ಕೆ ಮೊದಲೇ ಪೋರ್ಟಲಿನಲ್ಲಿ ಮೊಬೈಲ್ ಸಂಖ್ಯೆ ನೋಂದಾಯಿಸಿರಬೇಕು. ಕುಂಬಳಗೋಡಿನಲ್ಲಿ ಲಾರಿ ತುಂಬಿ ನಿಂತಿರುವಾಗ ಅದನ್ನು ನೋಂದಾಯಿಸಲು ಹೊರಟರೆ ಚಾಲಕನ ಮುಖ ನೋಡಲಾಗದು.

ಬಿದ್ದ ದಿನವೇ ವಂಚಕರ ಸುಗ್ಗಿಯೂ ಹೌದು. ಕ್ರೌಡ್‌ಸ್ಟ್ರೈಕ್ ಘಟನೆಯ ಬೆನ್ನಿಗೇ ಪರಿಹಾರ ಕೊಡುವುದಾಗಿ ನಂಬಿಸುವ ಸುಳ್ಳು ಇ-ಮೇಲು, ಸುಳ್ಳು ಜಾಲತಾಣಗಳು ಹುಟ್ಟಿಕೊಂಡವು. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ ಈ ಬಗ್ಗೆ ಎಚ್ಚರಿಕೆ ನೀಡಿತು. ಒಂದು ಗುರುತು ನೆನಪಿಡಿ: ನಿಜವಾದ ನೀಲಿ ಪರದೆಯಲ್ಲಿ ಎಂದೂ ದೂರವಾಣಿ ಸಂಖ್ಯೆ ಇರುವುದಿಲ್ಲ. 'ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ಸಂಖ್ಯೆಗೆ ಕರೆ ಮಾಡಿ' ಎಂದು ಸದ್ದು ಮಾಡುವ ನೀಲಿ ಪುಟ ಬ್ರೌಸರಿನೊಳಗಿನ ನಾಟಕ. ಅದಕ್ಕೆ ಕರೆ ಮಾಡಿ ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ದೂರು ನೀಡಬೇಕು.

ಎಎಂಸಿ ನವೀಕರಿಸುವಾಗ

ಬಹುತೇಕ ಘಟಕಗಳ ಎಎಂಸಿ ಕರಾರಿನಲ್ಲಿ ಭೇಟಿಗಳ ಸಂಖ್ಯೆ ಮತ್ತು ಮೊತ್ತ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಮುಂದಿನ ಸಲ ಸಹಿ ಹಾಕುವ ಮುನ್ನ ಕೆಲವನ್ನು ಬರೆಸಿಕೊಳ್ಳಬಹುದು. ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ಫಾರ್ಮ್ಯಾಟ್ ಮಾಡಕೂಡದು. ಮಾಡುವ ಮುನ್ನ ಡಿಸ್ಕಿನ ಪ್ರತಿ ತೆಗೆದು, ಲೆಕ್ಕಪತ್ರದ ಕಡತಕೋಶ ಅದರಲ್ಲಿ ತೆರೆಯುತ್ತದೆಯೆಂದು ಲೆಕ್ಕಿಗರ ಎದುರಿಗೇ ತೋರಿಸಬೇಕು. ಪ್ರತಿ ಸಾಧನದ ಕೆಲಸ ಮಾಡುವ ಡ್ರೈವರನ್ನು ಒಂದು ಪೆನ್‌ಡ್ರೈವಿನಲ್ಲಿ ಹಾಕಿ ಘಟಕಕ್ಕೆ ಒಪ್ಪಿಸಬೇಕು. ಪಾಸ್‌ವರ್ಡು, ಬೀಗದ ಕೀಲಿಗಳು ಮಾಲೀಕರ ಖಾತೆಯಲ್ಲೇ ಇರಬೇಕು. ವಿಂಡೋಸ್ ನವೀಕರಣವನ್ನು ಐದು ವಾರಗಳವರೆಗೆ ತಡೆಹಿಡಿಯಲು ಅವಕಾಶವಿದೆ. ಒಂದು ಯಂತ್ರಕ್ಕೆ ಮೊದಲು ಹಾಕಿ, ವಾರ ನೋಡಿ, ಉಳಿದವಕ್ಕೆ ಹಾಕುವ ಕ್ರಮವನ್ನೂ ಕರಾರಿಗೆ ಸೇರಿಸಬಹುದು. ವೈರಸ್ ಪಟ್ಟಿಯ ದೈನಂದಿನ ನವೀಕರಣವನ್ನು ಮಾತ್ರ ತಡೆಯಬಾರದು. ಅಲ್ಲಿರುವ ಅಪಾಯವನ್ನು ಒಪ್ಪಿಕೊಂಡೇ ನಡೆಯಬೇಕು. ಮೈಕ್ರೋಸಾಫ್ಟ್ 2024ರ ನವೆಂಬರ್‌ನಲ್ಲಿ ಭದ್ರತಾ ತಂತ್ರಾಂಶಗಳನ್ನು ಕರ್ನಲ್‌ನಿಂದ ಹೊರಗಿಡುವ ಯೋಜನೆಯನ್ನು ಪ್ರಕಟಿಸಿದ್ದು, ಆ ಕೆಲಸ ಪೂರ್ಣಗೊಳ್ಳುವವರೆಗೆ ಮೇನ್ ಬೋರ್ಡಿನ ಕೀಲಿ ಅವರ ಬಳಿಯೇ ಇರುತ್ತದೆ.

ಇದಕ್ಕೆಲ್ಲ ತಂತ್ರಜ್ಞರು ಹೆಚ್ಚು ಹಣ ಕೇಳಿಯಾರು, ಕೊಡುವುದು ನ್ಯಾಯ. ಎರಡು ಗಂಟೆ ಕುಳಿತು ಕಾರಣ ಹುಡುಕುವವನಿಗೂ ನಲವತ್ತು ನಿಮಿಷದಲ್ಲಿ ಫಾರ್ಮ್ಯಾಟ್ ಮುಗಿಸುವವನಿಗೂ ಒಂದೇ ಭೇಟಿಶುಲ್ಕ ಕೊಟ್ಟರೆ, ಅವನು ಯಾವುದನ್ನು ಆರಿಸಿಕೊಳ್ಳುತ್ತಾನೆಂಬುದು ವ್ಯಾಪಾರಸ್ಥರಾದ ನಮಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಘಟಕದಲ್ಲಿ ಈಗ ಪ್ರತಿ ಕಂಪ್ಯೂಟರಿನ ಪಕ್ಕ ನೂರು ಪುಟದ ಒಂದು ನೋಟುಪುಸ್ತಕವಿದೆ. ಯಂತ್ರದ ಮುಂದೆ ಕೂರುವವರೇ ಅದರಲ್ಲಿ ತಾರೀಖು, ಹೊಸದಾಗಿ ಚುಚ್ಚಿದ್ದು, ಹೊಸದಾಗಿ ಹಾಕಿದ್ದು ಬರೆಯುತ್ತಾರೆ. ತಂತ್ರಜ್ಞರು ಬಂದಾಗ ಮೊದಲು ತೆರೆಯುವುದು ಆ ಪುಸ್ತಕವನ್ನು.